ಸ್ಲೇಟಿನಂಥದೊಂದು ಗಣಕಯಂತ್ರ



ಬಹಳ ದಿನಗಳಿಂದ ನಾನು ಏನನ್ನೂ ಬರೆಯದಿದ್ದುದಕ್ಕೆ ಕಾರಣವನ್ನು ನಿಮ್ಮಲ್ಲಿ ಕೆಲವರು ದೂರವಾಣಿಯಲ್ಲಿ ವಿಚಾರಿಸಿದ್ದೀರಿ. ಆರೋಗ್ಯ ಚೆನ್ನಾಗಿಯೇ ಇದೆ. ಕಳೆದ ಕೆಲವು ತಿಂಗಳು ನನ್ನ ವಯಸ್ಸಿಗೆ ಒಪ್ಪದ ಒಂದು ಕೆಲಸಕ್ಕೆ ಕೈಹಾಕಿದ್ದೆ. ಆ ಕೆಲಸದ ಬಗೆಗೂ, ಅದರಿಂದ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯದ ಬಗೆಗೂ ಇಂದು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು. ಗಂಟೆ ಹೊಡೆದ ಮೇಲೂ ಪಾಠ ಮುಗಿಸದ ನನ್ನ ಅಭ್ಯಾಸವನ್ನು ಬಲ್ಲವರು ನೀವು.

2025ರ ಜೂನ್ ತಿಂಗಳಿನಲ್ಲಿ ನಮ್ಮ ಸೀಮೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಮುಖ್ಯೋಪಾಧ್ಯಾಯರು ನನ್ನ ಹಳೆಯ ವಿದ್ಯಾರ್ಥಿ. ವರಾಂಡದಲ್ಲಿ ಹನ್ನೆರಡು ಗಣಕಯಂತ್ರಗಳನ್ನು ಸಾಲಾಗಿ ಪೇರಿಸಿದ್ದರು. ವಿಲೇವಾರಿಯ ಪಟ್ಟಿ ಸಿದ್ಧವಾಗಿ, ತೂಕದ ಅಂದಾಜು ನೋಡಲು ಗುಜರಿಯವನು ಬಂದು ನಿಂತಿದ್ದ. “ಏನಾಗಿದೆಯಪ್ಪಾ ಇವಕ್ಕೆ?” ಎಂದು ಕೇಳಿದೆ. “ಕೆಲವು ಆನ್ ಆಗೋದೇ ಇಲ್ಲ ಸಾರ್. ಆಗೋವಕ್ಕೂ ಈಗಿನ ವಿಂಡೋಸ್ ಹತ್ತಲ್ವಂತೆ. ರಿಪೇರಿಯವನು ನೋಡಿ ಕೈಚೆಲ್ಲಿ ಹೋದ” ಎಂದರು. ಪ್ರಯೋಗಶಾಲೆಯ ಬಾಗಿಲಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಹತ್ತನೆಯ ತರಗತಿಯ ಮಕ್ಕಳು ಗಣಕಯಂತ್ರದ ಭಾಗಗಳ ಹೆಸರನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಕೀಲಿಮಣೆಯನ್ನು ಮುಟ್ಟಿದವರು ಎಷ್ಟು ಮಂದಿ ಎಂದು ಕೇಳಿದರೆ ಎದ್ದ ಕೈಗಳು ನಾಲ್ಕು. ಮೂರು ತಿಂಗಳ ಮಟ್ಟಿಗೆ ವಿಲೇವಾರಿಯನ್ನು ತಡೆಹಿಡಿಯುವಂತೆ ನಾನು ಕೇಳಿಕೊಂಡೆ. ಗುರುವಿನ ಮಾತನ್ನು ತೆಗೆದುಹಾಕಲಾರದೆ ಒಪ್ಪಿದರು. ಗುಜರಿಯವನು ಮಾತ್ರ ನನ್ನನ್ನು ದುರುಗುಟ್ಟಿಕೊಂಡೇ ಹೋದ.

ಈ ಯಂತ್ರಗಳು ನಿಜವಾಗಿ ಹಳೆಯವಾಗಿದ್ದವೆ? ಅವು 2009ರ ಸುಮಾರಿನವು. ಒಂದೊಂದರಲ್ಲೂ 512 ಮೆಗಾಬೈಟ್ ರ‍್ಯಾಮ್. ಹಾರ್ಡ್ ಡಿಸ್ಕುಗಳಲ್ಲಿ ಬಹುಪಾಲು ಸತ್ತಿದ್ದವು. ತಿರುಗುವ ತಟ್ಟೆ, ಓಡಾಡುವ ಸೂಜಿ ಇರುವ ಭಾಗ ಅದೊಂದೇ; ಸವೆಯುವುದೂ ಅದೇ ಮೊದಲು. ಆದರೆ ಲೆಕ್ಕ ಮಾಡುವ ಪ್ರೊಸೆಸರ್ ಮೊದಲ ದಿನ ಎಷ್ಟು ವೇಗವಾಗಿ ಕೂಡಿ ಕಳೆಯುತ್ತಿತ್ತೋ ಇಂದೂ ಅಷ್ಟೇ ವೇಗವಾಗಿ ಮಾಡುತ್ತದೆ. ಎತ್ತಿಗೆ ಮುಪ್ಪು ಬಂದಿರಲಿಲ್ಲ, ಗಾಡಿಯ ಮೇಲಿನ ಹೇರು ಹೆಚ್ಚಾಗಿತ್ತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ರ‍್ಯಾಮ್, 64 ಗಿಗಾಬೈಟ್ ಜಾಗ, ಅದರ ಮೇಲೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೀಗಾಗಿ ನಮ್ಮ ಹನ್ನೆರಡಕ್ಕಿಂತ ಎಷ್ಟೋ ಹೊಸವಾದ, ಕೆಡುಕಿಲ್ಲದ ಯಂತ್ರಗಳೂ ಜಗತ್ತಿನಾದ್ಯಂತ ಗುಜರಿಯ ದಾರಿ ಹಿಡಿಯುತ್ತಿವೆ. ಮುಕ್ತ ತಂತ್ರಾಂಶದ ಲೋಕವೂ ಇದಕ್ಕೆ ಪೂರ್ತಿ ಹೊರತಲ್ಲ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಹಳೆಯ 32 ಬಿಟ್ ಯಂತ್ರಗಳಲ್ಲಿ ಹೊಸದಾಗಿ ಅನುಸ್ಥಾಪಿಸುವ ವ್ಯವಸ್ಥೆಯನ್ನು ಕೈಬಿಟ್ಟಿತು.

ಗಣೇಶನ ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ಇನ್ನೊಬ್ಬ ಶಿಷ್ಯನ ಮುಂದೆ ಈ ದೂರನ್ನೆಲ್ಲ ತೋಡಿಕೊಂಡೆ. ಅವನು ನನ್ನ ತರಗತಿಯಲ್ಲಿ ರೇಖಾಗಣಿತಕ್ಕೆ ಹೆದರುತ್ತಿದ್ದ ಹುಡುಗ. ಈಗ ತಂತ್ರಾಂಶದ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. “ಸಾರ್, ಡಿಸ್ಕ್ ಸತ್ತರೆ ಸಾಯಲಿ ಬಿಡಿ. ಡಿಸ್ಕೇ ಬೇಡದ ಹಾಗೆ ಮಾಡೋಣ. ಇಡೀ ಲಿನಕ್ಸನ್ನೇ ರ‍್ಯಾಮಿಗೆ ಹತ್ತಿಸಿಬಿಡೋಣ” ಎಂದ. ನನಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ್ದನ್ನು ನನ್ನ ಭಾಷೆಗೆ ತಂದುಕೊಂಡು ನಿಮಗೂ ಹೇಳುತ್ತೇನೆ. ಈ ವಿಷಯವನ್ನು ಬಲ್ಲವರು ಮುಗುಳ್ನಕ್ಕು ಮುಂದೆ ಹೋಗಬಹುದು.

ಗಣಕಯಂತ್ರದಲ್ಲಿ ಬರೆಯುವ ಜಾಗಗಳು ಎರಡು. ಹಾರ್ಡ್ ಡಿಸ್ಕ್ ಎಂಬುದು ನೋಟುಪುಸ್ತಕ. ಬರೆದದ್ದು ಉಳಿಯುತ್ತದೆ, ಆದರೆ ಪುಟ ತಿರುಗಿಸುವುದು ನಿಧಾನ. ರ‍್ಯಾಮ್ ಎಂಬುದು ಸ್ಲೇಟು. ಬರೆಯುವುದೂ ಓದುವುದೂ ಕ್ಷಣದ ಕೆಲಸ, ಆದರೆ ವಿದ್ಯುತ್ ಹೋದೊಡನೆ ಎಲ್ಲವೂ ಒರೆಸಿಹೋಗುತ್ತದೆ. ಸಾಮಾನ್ಯ ವ್ಯವಸ್ಥೆಗಳು ನೋಟುಪುಸ್ತಕದಲ್ಲಿ ವಾಸಿಸುತ್ತ, ಬೇಕಾದಾಗ ಬೇಕಾದಷ್ಟನ್ನು ಸ್ಲೇಟಿಗೆ ತಂದುಕೊಳ್ಳುತ್ತವೆ. ಲಿನಕ್ಸಿನಲ್ಲಿ ಇನ್ನೊಂದು ದಾರಿಯಿದೆ. ಯಂತ್ರ ಏಳುವಾಗ ಲಿನಕ್ಸಿನ ತಿರುಳಾದ ಕರ್ನೆಲ್ ತನ್ನ ಜೊತೆಯಲ್ಲಿ ಒಂದು ಪುಟ್ಟ ಗಂಟನ್ನೂ ರ‍್ಯಾಮಿಗೆ ಇಳಿಸಿಕೊಳ್ಳುತ್ತದೆ. 2003ರ ಕೊನೆಯಲ್ಲಿ ಬಂದ 2.6ನೆಯ ಆವೃತ್ತಿಯಿಂದ ಈ ಗಂಟಿಗೆ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂದು ಹೆಸರು. ಕರ್ನೆಲ್ ಅದನ್ನು ಬಿಚ್ಚಿ, ಅದರೊಳಗಿನ ಇನಿಟ್ ಎಂಬ ಕಡತಕ್ಕೆ ಅಧಿಕಾರ ವಹಿಸಿಕೊಡುತ್ತದೆ. ಸಾಮಾನ್ಯವಾಗಿ ಅದರ ಕೆಲಸ ಡಿಸ್ಕನ್ನು ಹುಡುಕಿ, ಬಾಗಿಲು ತೆರೆದು, ತಾನು ಸರಿದುಕೊಳ್ಳುವುದು. ನಾವು ಮಾಡಿದ್ದು ಇಷ್ಟೇ: ಸರಿದುಕೊಳ್ಳಬೇಡ, ಅಲ್ಲೇ ಇದ್ದು ಸಂಸಾರ ಹೂಡು ಎಂದು ಅದಕ್ಕೆ ಹೇಳಿದೆವು.

ಆ ಗಂಟಿನಲ್ಲಿ ಏನೇನು ಇರಬೇಕು ಎಂಬುದೇ ಈ ವಿದ್ಯೆಯ ಸಾರ. ಕಡತಗಳನ್ನು ಪಟ್ಟಿ ಮಾಡಲು ಒಂದು ಆಜ್ಞೆ, ನಕಲು ಮಾಡಲು ಒಂದು, ಅಳಿಸಲು ಒಂದು, ಹುಡುಕಲು ಒಂದು, ಹೀಗೆ ನೂರಾರು ಸಣ್ಣ ತಂತ್ರಾಂಶಗಳು ಬೇಕು. ಇವೆಲ್ಲವನ್ನೂ ಒಂದೇ ಕಡತದಲ್ಲಿ ಅಡಗಿಸಿದ ಬಿಸಿಬಾಕ್ಸ್ ಎಂಬ ತಂತ್ರಾಂಶವಿದೆ. 1995ರ ಹೊತ್ತಿಗೆ ಬ್ರೂಸ್ ಪೆರೆನ್ಸ್ ಎಂಬುವರು, ಡೆಬಿಯನ್ ವ್ಯವಸ್ಥೆಯನ್ನು ಒಂದು ಫ್ಲಾಪಿಯಿಂದ ಎಬ್ಬಿಸುವುದಕ್ಕಾಗಿ, ಇದನ್ನು ಆರಂಭಿಸಿದರು. ಕಡತ ಒಂದೇ, ಹೆಸರು ಹಲವು. ಯಾವ ಹೆಸರಿನಿಂದ ಕರೆದರೆ ಆ ಕೆಲಸ ಮಾಡುತ್ತದೆ. ಶಿಷ್ಯ ಇದನ್ನು ಹೇಳಿದಾಗ ನನಗೆ ನಗು ಬಂದಿತು. ನನ್ನ ವೃತ್ತಿಯ ಮೊದಲ ಮೂರು ವರ್ಷ ನಾಗಮಂಗಲದ ಕಡೆಯ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಕಳೆದವನು ನಾನು. ಒಂದನೆಯ ತರಗತಿಯತ್ತ ತಿರುಗಿದರೆ ಅಕ್ಷರ ತಿದ್ದಿಸುವ ಮೇಷ್ಟ್ರು, ನಾಲ್ಕನೆಯದರತ್ತ ತಿರುಗಿದರೆ ಭಾಗಾಕಾರದ ಮೇಷ್ಟ್ರು, ಗಂಟೆ ಹೊಡೆಯುವವನೂ ನಾನೇ. ಬಿಸಿಬಾಕ್ಸಿನ ಮೇಲೆ ನನಗೆ ಅಂದಿನಿಂದಲೇ ಒಂದು ಬಗೆಯ ಬಾಂಧವ್ಯ.

ಇನ್ನು ಉಳಿದ ದೊಡ್ಡ ಭಾಗಗಳು, ಅಂದರೆ ಚಿತ್ರಪರದೆ, ಬರೆಯುವ ಸಾಧನ, ಲೆಕ್ಕದ ಹಾಳೆ, ಪೈಥಾನ್ ಭಾಷೆ. ಇವನ್ನೆಲ್ಲ ಬಿಚ್ಚಿ ಹರವಿದರೆ 512 ಮೆಗಾಬೈಟಿನಲ್ಲಿ ಕೆಲಸ ಮಾಡಲು ಜಾಗವೇ ಉಳಿಯದು. ಅದಕ್ಕೆ ಸ್ಕ್ವಾಷ್‌ಎಫ್‌ಎಸ್ ಎಂಬ ಉಪಾಯ. ಮಂಡ್ಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲದ ಅಚ್ಚು ಮಾಡುತ್ತೇವೆ. ಪಾನಕ ಬೇಕಾದಾಗ ಇಡೀ ಅಚ್ಚನ್ನು ಯಾರೂ ನೀರಿಗೆ ಹಾಕುವುದಿಲ್ಲ. ಒಂದು ತುಂಡು ಮುರಿದು ಕದಡುತ್ತೇವೆ. ಹಾಗೆಯೇ ವ್ಯವಸ್ಥೆಯ ಅಚ್ಚು ಸಂಕುಚಿತ ರೂಪದಲ್ಲೇ ರ‍್ಯಾಮಿನಲ್ಲಿ ಕುಳಿತಿರುತ್ತದೆ, ಓದಬೇಕಾದ ತುಂಡು ಮಾತ್ರ ಆಯಾ ಕ್ಷಣಕ್ಕೆ ಕರಗುತ್ತದೆ. ಅದರ ಮೇಲೆ ಓವರ್‌ಲೇ ಎಂಬ ತೆಳು ಪದರ. ಭೂಪಟದ ಮೇಲೆ ಎಣ್ಣೆ ಕಾಗದ ಇಟ್ಟು ಗೆರೆ ಎಳೆಯಿಸುತ್ತಿದ್ದೆನಲ್ಲ, ಅದೇ. ಮಕ್ಕಳು ಏನು ಗೀಚಿದರೂ ಕಾಗದದ ಮೇಲೆ. ಕೆಳಗಿನ ಭೂಪಟಕ್ಕೆ ಕಲೆಯಿಲ್ಲ. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಕಾಗದ ಹೊಸದು.

ಇದರಲ್ಲಿ ಯಾವುದೂ ನಮ್ಮ ಸಂಶೋಧನೆಯಲ್ಲ. ಜರ್ಮನಿಯ ಕ್ಲಾಸ್ ನಾಪರ್ ಸಿ.ಡಿ.ಯಿಂದಲೇ ಏಳುವ ನಾಪಿಕ್ಸ್ ಅನ್ನು 2000ದಲ್ಲಿ ಕೊಟ್ಟರು. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮಿನಲ್ಲಿ ಓಡಬಲ್ಲದು. ಟೈನಿ ಕೋರ್‌ನ ಅಕ್ಷರ ಪರದೆಯ ರೂಪ ಇಪ್ಪತ್ತು ಮೆಗಾಬೈಟಿಗೂ ಕಡಿಮೆ. 50 ಮೆಗಾಬೈಟನ್ನು ದಾಟುವುದಿಲ್ಲವೆಂದು ಒಂದು ಕಾಲಕ್ಕೆ ಪಣ ತೊಟ್ಟಿದ್ದ ಡ್ಯಾಮ್ ಸ್ಮಾಲ್ ಲಿನಕ್ಸ್, 2024ರಲ್ಲಿ ಮರಳಿ ಬಂದಾಗ ಒಂದು ಸಿ.ಡಿ. ತುಂಬುವ 700 ಮೆಗಾಬೈಟಿನ ಮೈ ಬೆಳೆಸಿಕೊಂಡಿತ್ತು. ಅದನ್ನು ದೂರುತ್ತಿಲ್ಲ, ಪ್ರಾಯದಲ್ಲಿ ಹೊಲಿಸಿದ ಅಂಗಿ ನನಗೂ ಈಗ ಹಿಡಿಸುವುದಿಲ್ಲ.

ಹಾಗಿದ್ದರೆ ಇವುಗಳಲ್ಲೊಂದನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿದ್ದರೆ ಮುಗಿಯುತ್ತಿರಲಿಲ್ಲವೆ, ನೀವೇಕೆ ಕಟ್ಟಲು ಹೋದಿರಿ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮೊದಲು ಹಾಗೆಯೇ ಮಾಡಿದೆವು. ಡಿಸ್ಕನ್ನು ಬಿಚ್ಚಿಟ್ಟ ಯಂತ್ರ, ಅರ್ಧ ನಿಮಿಷ ಕಳೆಯುವುದರೊಳಗೆ ಎದ್ದು ನಿಂತಿತು. ಆ ಕ್ಷಣದ ಸಂತೋಷವನ್ನು ಬಣ್ಣಿಸಲಾರೆ. ಆಮೇಲೆ ನಮ್ಮ ಊರಿನ ಹೆಸರು ಬರೆದು ನೋಡೋಣವೆಂದೆ. ಪರದೆಯ ಮೇಲೆ ಮೂಡಿದ್ದು ಹನ್ನೊಂದು ಖಾಲಿ ಚೌಕಗಳು.

ಈ ಹನ್ನೊಂದರ ಲೆಕ್ಕ ಸ್ವಾರಸ್ಯವಾಗಿದೆ. ಕ್ಯಾತನಹಳ್ಳಿ ಎಂದು ನಾವು ಓದುವಾಗ ಅಕ್ಷರ ಐದು. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಯಂತ್ರ ಇಟ್ಟುಕೊಳ್ಳುವುದು ಹನ್ನೊಂದು ಸಂಕೇತಗಳನ್ನು: ಕಕಾರ, ವಿರಾಮ, ಯಕಾರ, ಆಕಾರದ ದೀರ್ಘ, ತ, ನ, ಹ, ಳಕಾರ, ಮತ್ತೆ ವಿರಾಮ, ಮತ್ತೆ ಳಕಾರ, ಕೊನೆಗೆ ಗುಡಿಸು. ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 33 ಬೈಟ್. ಈ ಹನ್ನೊಂದನ್ನು ನಮ್ಮ ಕಣ್ಣಿಗೆ ಐದಾಗಿ ತೋರಿಸಬೇಕಾದರೆ ಎರಡು ವಸ್ತು ಬೇಕು. ಒಂದು, ಕನ್ನಡ ಅಕ್ಷರರೂಪ, ಅಂದರೆ ಫಾಂಟ್. ಎರಡು, ಯಕಾರವನ್ನು ಒತ್ತಾಗಿಸಿ ಕಕಾರದ ಬುಡಕ್ಕೆ ಕೂಡಿಸುವ, ಗುಡಿಸನ್ನು ಳಕಾರದ ತಲೆಗೇರಿಸುವ ತಂತ್ರಾಂಶ. ಹಾರ್ಫ್‌ಬಜ್ ಎಂಬುದು ಇವತ್ತು ಆ ಕೆಲಸ ಮಾಡುತ್ತದೆ.

ಫಾಂಟ್ ಸೇರಿಸಿದೆವು. ಚೌಕಗಳು ಹೋದವು. ಆದರೆ ಹಗುರವೆಂದು ಹೆಸರಾದ ಒಂದು ಬ್ರೌಸರಿನಲ್ಲಿ ನಮ್ಮ ಊರು “ಕ್‌ಯಾತನಹಳ್‌ಳಿ” ಎಂದು ಕಾಣಿಸಿಕೊಂಡಿತು. ಒಂದನೆಯ ತರಗತಿಯ ಮಗು ಹೀಗೆ ಬರೆದಿದ್ದರೆ ಸ್ಲೇಟು ಒರೆಸಿ ಮತ್ತೆ ಬರೆಸುತ್ತಿದ್ದೆ. ಶಿಷ್ಯ ಹೇಳಿದ ಕಾರಣ ಕೇಳಿ: ಆ ತಂತ್ರಾಂಶವನ್ನು ಹಗುರ ಮಾಡಿದವರು ಹೊರಗೆಸೆದ ಭಾರಗಳಲ್ಲಿ ಅಕ್ಷರ ಕೂಡಿಸುವ ಭಾಗವೂ ಒಂದು. ಇಂಗ್ಲಿಷಿನಲ್ಲಿ ಅಕ್ಷರಗಳು ಬಸ್ಸಿನ ಸಾಲಿನಂತೆ ಒಂದರ ಪಕ್ಕ ಒಂದು ನಿಂತರೆ ಸಾಕು; ಆ ಭಾಗದ ಅಗತ್ಯವೇ ಅವರಿಗೆ ಕಾಣುವುದಿಲ್ಲ. ಲಿನಕ್ಸಿನ ಕರಿಯ ಅಕ್ಷರ ಪರದೆಯಲ್ಲಂತೂ ಹೆಚ್ಚೆಂದರೆ 512 ಅಕ್ಷರಚಿತ್ರಗಳು, ಒಂದು ಮನೆಗೆ ಒಂದು ಎಂಬ ಕಟ್ಟುಪಾಡು. ಅಲ್ಲಿ ಒತ್ತಕ್ಷರಕ್ಕೆ ಪ್ರವೇಶವಿಲ್ಲ. ಆದ್ದರಿಂದ ಕನ್ನಡದ ಮಗುವಿಗೆ ಸಿದ್ಧಪಡಿಸುವ ಅತಿ ಸಣ್ಣ ವ್ಯವಸ್ಥೆಗೂ ಚಿತ್ರಪರದೆ ಬೇಕೇ ಬೇಕು.

ನನ್ನ ಅಭಿಪ್ರಾಯ ಹುಟ್ಟಿದ್ದು ಇಲ್ಲಿ. ಒಂದು ವಸ್ತುವನ್ನು ಹಗುರಗೊಳಿಸುವುದೆಂದರೆ ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನ. ಆ ತೀರ್ಮಾನ ಮಾಡುವವರು ನಮ್ಮನ್ನು ಕಂಡವರಲ್ಲದಿದ್ದರೆ, ದ್ವೇಷವೇನೂ ಇಲ್ಲದೆಯೇ, ಮೊದಲು ಇಳಿಸುವ ಹೊರೆ ನಮ್ಮದಾಗಿರುತ್ತದೆ. ಅವರು ಎಲ್ಲವನ್ನೂ ಮುಕ್ತವಾಗಿ ಕೊಟ್ಟಿದ್ದಾರೆ. ಇಳಿಸಿದ್ದನ್ನು ಮತ್ತೆ ಏರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದ್ದಾರೆ. ಏರಿಸಿಕೊಳ್ಳದೆ ಕುಳಿತ ತಪ್ಪು ನಮ್ಮದು. ಹಳ್ಳಿಯ ಶಾಲೆಗೆ ಬೇಕಾದ ಕಿರಿಯ ಲಿನಕ್ಸನ್ನು ಕನ್ನಡ ಬಲ್ಲವರೇ, ಕನ್ನಡವನ್ನು ಬುಡದಲ್ಲಿ ಇಟ್ಟುಕೊಂಡೇ ಕಟ್ಟಬೇಕು. ಮೇಲಿನಿಂದ ಅಂಟಿಸುವ ಕೆಲಸವಲ್ಲ ಅದು.

ಕಟ್ಟಿದೆವು. ಮೂಲ ಸಂಕೇತಗಳಿಂದಲೇ ಇಡೀ ವ್ಯವಸ್ಥೆಯನ್ನು ಅಡುಗೆ ಮಾಡಿಕೊಡುವ ಬಿಲ್ಡ್‌ರೂಟ್ ಎಂಬ ಸಲಕರಣೆಯನ್ನು ಶಿಷ್ಯ ತಂದ. ಶನಿವಾರ ರಾತ್ರಿ ಬರುವುದು, ಭಾನುವಾರ ಸಂಜೆ ಹೋಗುವುದು, ಹೀಗೆ ಆರು ವಾರ. ಮಾಡಿದ ಅಡುಗೆಯ ರುಚಿಯನ್ನು ಮೊದಲು ಕ್ಯೂಇಎಂಯು ಎಂಬ ಕಲ್ಪಿತ ಯಂತ್ರದಲ್ಲಿ ನೋಡಿ, ಸರಿಕಂಡರೆ ನಿಜವಾದ ಯಂತ್ರಕ್ಕೆ. ನನಗೆ ಒಪ್ಪಿಸಿದ ಕೆಲಸ ಬೇಕು-ಬೇಡಗಳ ಪಟ್ಟಿ. ಶಾಲೆಯಲ್ಲಿ ಇಲ್ಲದ ಸಾಧನಗಳ ಚಾಲಕ ತಂತ್ರಾಂಶ ಬೇಡ, ನೂರು ಭಾಷೆಗಳ ಅನುವಾದ ಕಡತ ಬೇಡ, ಮೆರುಗಿನ ಹಿನ್ನೆಲೆ ಚಿತ್ರ ಬೇಡ. ಕನ್ನಡದ ಲೋಹಿತ್ ಮತ್ತು ನೋಟೋ ಫಾಂಟುಗಳು ಬೇಕು. ಕೀಲಿಮಣೆಗೆ ಬೇರೆ ತಂತ್ರಾಂಶ ಹುಡುಕಬೇಕಾಗಲಿಲ್ಲ. ಲಿನಕ್ಸಿನ ಚಿತ್ರಪರದೆಯ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸ ಆಗಲೇ ಇದೆ. ನುಡಿಯಲ್ಲಿ ಬೆರಳಚ್ಚು ಮಾಡಿ ಬಲ್ಲವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಎಲ್ಲ ಸೇರಿ ಅಚ್ಚಿನ ತೂಕ 78 ಮೆಗಾಬೈಟ್ ಬಂದಿತು. ಕನ್ನಡಕ್ಕೆಂದೇ ಏರಿಸಿದ ಹೊರೆ ಎಷ್ಟೆಂದು ಬೇರೆ ಲೆಕ್ಕ ಹಾಕಿಸಿದೆ. ಐದು ಮೆಗಾಬೈಟ್ ಮುಟ್ಟಲಿಲ್ಲ. ಮೊಬೈಲಿನಲ್ಲಿ ನೀವು ನನಗೆ ಕಳುಹಿಸುವ ಒಂದು ಶುಭೋದಯದ ವಿಡಿಯೋ ಅದಕ್ಕಿಂತ ದೊಡ್ಡದು.

ಹನ್ನೆರಡರಲ್ಲಿ ಎಂಟು ಯಂತ್ರಗಳು ಎದ್ದವು. ಮೂರರ ಮದರ್‌ಬೋರ್ಡಿನಲ್ಲಿ ಕೆಪಾಸಿಟರುಗಳು ಉಬ್ಬಿ ಒಡೆದಿದ್ದವು, ಇನ್ನೊಂದನ್ನು ಬಿಡಿಭಾಗಗಳಿಗೆಂದು ಇಟ್ಟುಕೊಂಡೆವು. ಆ ನಾಲ್ಕರ ರ‍್ಯಾಮ್ ಕಡ್ಡಿಗಳನ್ನು ಕಿತ್ತು ಬದುಕಿದ ನಾಲ್ಕಕ್ಕೆ ಹಾಕಿದಾಗ ಅವು ಒಂದು ಗಿಗಾಬೈಟಿನ ಸಿರಿವಂತರಾದವು. ಎಂಟಕ್ಕೂ ಗಡಿಯಾರದ ಬ್ಯಾಟರಿ ಸತ್ತಿತ್ತು; ಸಿಆರ್ 2032 ಎಂಬ ನಾಣ್ಯದಂಥದ್ದು. ಅದಿಲ್ಲದಿದ್ದರೆ ಯಂತ್ರ ಪ್ರತಿದಿನವೂ ತನ್ನ ಹುಟ್ಟಿದ ವರ್ಷಕ್ಕೆ ಮರಳಿಹೋಗುತ್ತದೆ, ಮಕ್ಕಳ ಕಡತಗಳ ಮೇಲೆಲ್ಲ ತಪ್ಪು ತಾರೀಖು ಬೀಳುತ್ತದೆ. ಪೆನ್ ಡ್ರೈವಿನಿಂದ ಏಳಲು ಒಪ್ಪದ ಎರಡಕ್ಕೆ ಸಿ.ಡಿ. ಬರೆದುಕೊಟ್ಟೆವು. ಖಾಲಿ ಸಿ.ಡಿ. ಹುಡುಕಲು ಪಾಂಡವಪುರದಲ್ಲಿ ಅಲೆದು, ಕೊನೆಗೆ ಮೈಸೂರಿನಿಂದ ತರಿಸಬೇಕಾಯಿತು.

ಇಷ್ಟರಲ್ಲಿ ಎಲ್ಲವೂ ಸುಖಾಂತವೆಂದು ಭಾವಿಸಬೇಡಿ. ಪ್ರಯೋಗಶಾಲೆ ತೆರೆದ ಮೂರನೆಯ ವಾರ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತೊಣ್ಣೂರು ಕೆರೆಗೆ ಹೋಗಿಬಂದ ಪ್ರವಾಸದ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಎರಡು ದಿನದ ಅವಧಿಗಳಲ್ಲಿ ಒಂದೂವರೆ ಪುಟ ಮಾಡಿದ್ದಳು. ನಮ್ಮ ಏರ್ಪಾಡಿನಲ್ಲಿ ಯಂತ್ರವನ್ನು ಕ್ರಮವಾಗಿ ಆರಿಸುವಾಗ ಮಕ್ಕಳ ಕಡತಗಳು ಪೆನ್ ಡ್ರೈವಿಗೆ ನಕಲಾಗುತ್ತಿದ್ದವು. ಆ ದಿನ ಹೊಸ ಪುಟವನ್ನು ಹಳೆಯದರ ಮೇಲೆ ನಕಲು ಮಾಡುತ್ತಿದ್ದ ಹೊತ್ತಿಗೇ ಕರೆಂಟು ಹೋಯಿತು. ಯು.ಪಿ.ಎಸ್. ಬ್ಯಾಟರಿಗಳು ಎಂದೋ ಸತ್ತಿದ್ದವು. ಹೊಸದೂ ಇಲ್ಲ, ಹಳೆಯದೂ ಇಲ್ಲ. ಹುಡುಗಿ ಅಳಲಿಲ್ಲ. ಕರೆಂಟು ಬಂದ ಮೇಲೆ ಪರದೆಯನ್ನು ಸುಮ್ಮನೆ ನೋಡುತ್ತ ಕುಳಿತಿದ್ದಳು. ಅವಳು ಅತ್ತಿದ್ದರೇ ನನಗೆ ಹಗುರವಾಗುತ್ತಿತ್ತು. ಸ್ಲೇಟು, ಭೂಪಟ, ಎಣ್ಣೆ ಕಾಗದ ಎಂದು ಹೋಲಿಕೆ ಹುಡುಕುತ್ತ ಸಂಭ್ರಮಿಸಿದ ನಾನು, ಸ್ಲೇಟಿನ ಮೇಲೆ ಬರೆದದ್ದನ್ನು ಮಗು ಮನೆಗೆ ಕೊಂಡೊಯ್ಯಲಾರದು ಎಂಬ ಸರಳ ಸಂಗತಿಯನ್ನು ಮರೆತಿದ್ದೆ.

ಆ ರಾತ್ರಿಯೇ ಶಿಷ್ಯನಿಗೆ ಫೋನು ಮಾಡಿದೆ. ಮರುವಾರ ಇಪ್ಪತ್ತು ಸಾಲಿನ ಒಂದು ಸಣ್ಣ ಲಿಪಿಯನ್ನು ಸೇರಿಸಿದ. ಈಗ ಪ್ರತಿ ಎರಡು ನಿಮಿಷಕ್ಕೊಮ್ಮೆ ಮಕ್ಕಳ ಕಡತಗಳು ಪೆನ್ ಡ್ರೈವಿನ ಎರಡು ಕೋಣೆಗಳಿಗೆ ಸರದಿಯಂತೆ ನಕಲಾಗುತ್ತವೆ. ಒಮ್ಮೆ ಎಡಕ್ಕೆ, ಮುಂದಿನ ಸಲ ಬಲಕ್ಕೆ. ಒಂದಕ್ಕೆ ಬರೆಯುವಾಗ ಕರೆಂಟು ಹೋದರೂ ಇನ್ನೊಂದು ಕೆಡುವುದಿಲ್ಲ. ಸಿ.ಡಿ.ಯಿಂದ ಏಳುವ ಎರಡಕ್ಕೂ ಇದಕ್ಕೆಂದೇ ಪೆನ್ ಡ್ರೈವ್ ಕೊಟ್ಟೆವು. ಹುಡುಗಿ ಪ್ರಬಂಧವನ್ನು ಮತ್ತೆ ಬರೆದಳು. ಮೊದಲಿನಷ್ಟು ಚೆನ್ನಾಗಿ ಬಂದಿಲ್ಲವೆಂದು ಅವಳ ಅಭಿಪ್ರಾಯ. ಮೊದಲಿನದನ್ನು ನಾನು ಓದಿರಲಿಲ್ಲವಾದ್ದರಿಂದ ಸಮಾಧಾನ ಹೇಳಲೂ ಆಗಲಿಲ್ಲ.

ನಮ್ಮ ನಾಡಿನಲ್ಲಿ ಇಂಥ ಯೋಚನೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕಯಂತ್ರವನ್ನು ರೂಪಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದರ ಬೀಜ ಬಿದ್ದದ್ದು 1998ರಲ್ಲಿ. 206 ಮೆಗಾಹರ್ಟ್ಸಿನ ಪ್ರೊಸೆಸರ್, ಹಾರ್ಡ್ ಡಿಸ್ಕಿಲ್ಲ, ಒಳಗೆ ಲಿನಕ್ಸ್. ಓದಲು ಬಾರದವರಿಗೂ ಉಪಯೋಗವಾಗಲೆಂದು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ. ಕನ್ನಡವೂ ಅದಕ್ಕೆ ಬರುತ್ತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇದನ್ನು ಅಮಿಡಾ ಎಂಬ ಹೆಸರಿನಲ್ಲಿ ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲುಗಳ ಪ್ರವಾಹದಲ್ಲಿ ಮುಳುಗಿಹೋಯಿತು. ಸೋತ ಪ್ರಯತ್ನವೆಂದು ಅದನ್ನು ಹಳಿಯುವವರುಂಟು. ನಾನು ಹಳಿಯಲಾರೆ. ಸಣ್ಣ ಯಂತ್ರದಲ್ಲಿ ನಮ್ಮ ಭಾಷೆಗೆ ಮೊದಲು ಜಾಗ ಕೊಟ್ಟು ಆಮೇಲೆ ಉಳಿದದ್ದನ್ನು ಯೋಚಿಸಿದವರು ಅವರು.

ಇನ್ನೊಂದು ಉದಾಹರಣೆ ಕಾಸರಗೋಡಿನದು. 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಆ ನಾಡಿನ ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ನಾವು ಮರುಗುತ್ತೇವೆ. ಮರುಗಲು ಕಾರಣಗಳೂ ಇವೆ. ಆದರೆ ಈ ಒಂದು ವಿಷಯದಲ್ಲಿ ಅವರು ನಮ್ಮ ಹಳ್ಳಿಗಳ ಮಕ್ಕಳಿಗಿಂತ ಮುಂದಿದ್ದಾರೆ. ಕೇರಳದ ಐ.ಟಿ. ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸರ್ಕಾರಿ ಕಂಪನಿಯಾದದ್ದು, ಶಾಲೆಗಳಿಗೆಂದೇ ಉಬುಂಟು ಆಧರಿಸಿದ ತನ್ನದೊಂದು ಲಿನಕ್ಸನ್ನು ಸಿದ್ಧಪಡಿಸಿ ಹಂಚುತ್ತದೆ. ಅದಕ್ಕೆ ಹೊಂದುವ ಗಣಕ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಪಠ್ಯಪುಸ್ತಕ, ತಂತ್ರಾಂಶ, ಶಿಕ್ಷಕರ ತರಬೇತಿ ಮೂರೂ ಒಂದೇ ಮನೆಯಿಂದ ಬಂದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಅವರ ವ್ಯವಸ್ಥೆ ನಮ್ಮ 512 ಮೆಗಾಬೈಟಿನ ಯಂತ್ರಕ್ಕೆ ಹತ್ತುವಂಥದಲ್ಲ. ಆದರೆ ದಾರಿ ಅದೇ.

ಆಕ್ಷೇಪಣೆಗಳೂ ಬಂದಿವೆ. ನನ್ನ ಸೋದರಳಿಯನೇ ಹೇಳಿದ, “ಮಾವ, ಈಗ ಎಲ್ಲರ ಕೈಲೂ ಮೊಬೈಲ್ ಇದೆ, ಈ ಹಳೇ ಡಬ್ಬಗಳು ಯಾಕೆ?” ಮೊಬೈಲಿನಲ್ಲಿ ನೋಡಬಹುದು, ಕೇಳಬಹುದು. ಒಂದೂವರೆ ಪುಟದ ಪ್ರಬಂಧವನ್ನು ಕಟ್ಟುವುದು, ಒಂದು ಲೆಕ್ಕಕ್ಕೆ ತಾನೇ ಆಜ್ಞಾವಳಿ ಬರೆದು ಓಡಿಸುವುದು ಅದರಲ್ಲಿ ಕಷ್ಟ. ಒಳಗೇನಿದೆಯೆಂದು ಬಿಚ್ಚಿ ನೋಡುವುದಂತೂ ಅಸಾಧ್ಯ. ಅಲ್ಲದೆ ಅದು ಅಪ್ಪನ ಮೊಬೈಲು. ಅಪ್ಪ ಗದ್ದೆಗೆ ಹೋದರೆ ಅದೂ ಗದ್ದೆಗೆ ಹೋಗುತ್ತದೆ.

ಇಂಟರ್ನೆಟ್ಟಿನ ಪ್ರಶ್ನೆಗೆ ನನ್ನಲ್ಲಿ ಅಷ್ಟು ಸುಲಭದ ಉತ್ತರವಿಲ್ಲ. ಇಂದಿನ ದೊಡ್ಡ ಬ್ರೌಸರುಗಳಲ್ಲಿ ಯಾವುದೇ ಒಂದು ನಮ್ಮ ಇಡೀ ವ್ಯವಸ್ಥೆಗಿಂತ ದೊಡ್ಡದು, ಒಂದೆರಡು ಪುಟ ತೆರೆಯುವುದರೊಳಗೆ 512 ಮೆಗಾಬೈಟನ್ನು ನುಂಗುತ್ತದೆ. ಆದ್ದರಿಂದ ಅದನ್ನು ಬಿಟ್ಟೆವು. ಬದಲಿಗೆ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ರೂಪದಲ್ಲಿ ಪೆನ್ ಡ್ರೈವಿನಲ್ಲಿಟ್ಟು, ಒತ್ತಕ್ಷರ ಸರಿಯಾಗಿ ತೋರಿಸುವ ನೆಟ್‌ಸರ್ಫ್ ಎಂಬ ಸಣ್ಣ ಬ್ರೌಸರಿನಿಂದ ಓದಿಸುತ್ತೇವೆ. ಇದು ಕೊರತೆಯೇ, ಕೊರತೆಯಲ್ಲವೆಂದು ವಾದಿಸಲಾರೆ. ಒಂದು ಗಿಗಾಬೈಟಿಗಿಂತ ಹೆಚ್ಚಿನ ಯಂತ್ರವಿರುವ ಶಾಲೆಯವರು ನಮ್ಮ ದಾರಿ ಹಿಡಿಯಬೇಕಾಗಿಲ್ಲ, ಡಿಸ್ಕಿನ ಮೇಲೆ ಪೂರ್ಣ ಪ್ರಮಾಣದ ಲಿನಕ್ಸನ್ನೇ ಹಾಕಿಕೊಳ್ಳಲಿ. ಬೀಗ ಹಾಕಿದ ಕೋಣೆಗೂ ತೆರೆದ ಕೋಣೆಗೂ ಇರುವ ವ್ಯತ್ಯಾಸದ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪಣೆ ಬೇರೆಯದು. ಅದನ್ನೆತ್ತಿದವರು ಆ ಮುಖ್ಯೋಪಾಧ್ಯಾಯರೇ. “ನೀವಿರೋವರೆಗೂ ಸರಿ ಸಾರ್, ನಂಗೆ ನಾಳೆ ವರ್ಗ ಆದ್ರೆ?” ಎಂದರು. ಹೌದು. ತಿಳಿದವನೊಬ್ಬ ಹೋದೊಡನೆ ನಿಂತುಹೋದ ಎಷ್ಟು ಒಳ್ಳೆಯ ಕೆಲಸಗಳನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ! ಅದಕ್ಕೆ ನಾವು ಕಂಡುಕೊಂಡ ಉಪಾಯ ಅಚ್ಚನ್ನು ಮಕ್ಕಳಿಂದಲೇ ಮಾಡಿಸುವುದು. ಪ್ರತಿ ತಿಂಗಳ ಕೊನೆಯ ಶನಿವಾರ ಒಂಬತ್ತನೆಯ ತರಗತಿಯ ಆರು ಮಕ್ಕಳು ಬಿಸಿಬಾಕ್ಸಿನಿಂದ ಆರಂಭಿಸಿ ತಾವೇ ಒಂದು ಪುಟ್ಟ ವ್ಯವಸ್ಥೆಯನ್ನು ಕಟ್ಟಿ ಎಬ್ಬಿಸುತ್ತಾರೆ. ಹತ್ತಕ್ಕೆ ಹೋದಾಗ ಕೆಳಗಿನವರಿಗೆ ಹೇಳಿಕೊಡಬೇಕು. ಮೊದಲ ಸಲ ಕಟ್ಟಿದಾಗ ಇನಿಟ್ ಕಡತಕ್ಕೆ ಓಡುವ ಅನುಮತಿ ಕೊಡುವುದನ್ನು ಮರೆತು, ಕರ್ನೆಲ್ ಗಾಬರಿಗೊಂಡು ನಿಂತುಬಿಟ್ಟಿತು. ಅದಕ್ಕೆ ಲಿನಕ್ಸಿನ ಪರಿಭಾಷೆಯಲ್ಲೇ ಪ್ಯಾನಿಕ್ ಎಂದು ಹೆಸರು. ಮಕ್ಕಳು ಗಾಬರಿಯಾಗಲಿಲ್ಲ. ಕೆಡಿಸಲು ಅದರಲ್ಲಿ ಏನೂ ಇಲ್ಲವೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ. ಬೆಂಗಳೂರು, ಮೈಸೂರುಗಳಲ್ಲಿರುವವರು ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಗಣಕಯಂತ್ರವಿದ್ದರೆ ಗುಜರಿಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ. ಡಿ.ಡಿ.ಆರ್. 2 ಜಾತಿಯ ರ‍್ಯಾಮ್ ಕಡ್ಡಿಗಳು ನಮಗೆ ತುರ್ತಾಗಿ ಬೇಕಾಗಿವೆ. ಇನ್ನೂ ನಾಲ್ಕು ಯಂತ್ರಗಳು 512ರಲ್ಲೇ ಏದುಸಿರು ಬಿಡುತ್ತಿವೆ. ಕೃಷ್ಣರಾಜಪೇಟೆಯ ಕಡೆಯ ಇನ್ನೊಂದು ಶಾಲೆಯವರು ಹತ್ತು ಯಂತ್ರಗಳಿವೆ ಎಂದು ಹೇಳಿಕಳುಹಿಸಿದ್ದಾರೆ. ಬರುವ ಬೇಸಗೆ ರಜೆಯಲ್ಲಿ ಅಲ್ಲಿಗೆ ಹೋಗಬೇಕು. ಜೊತೆಗೆ ಬರಬಲ್ಲವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ತಿಂಡಿ ಇಲ್ಲೇ. ಸ್ಕ್ರೂಡ್ರೈವರ್ ನನ್ನ ಬಳಿ ಇದೆ. ಖಾಲಿ ಸಿ.ಡಿ. ಸಿಕ್ಕಿದರೆ ಮರೆಯದೆ ತನ್ನಿ.